ಕರ್ನಾಟಕದಲ್ಲಿ ವಾಹನ ತಯಾರಿಕೆ: ಒಂದು ಸಣ್ಣ ಅಧ್ಯಯನ



ಕಳೆದ ರಂಜಾನ್ ಹಬ್ಬಕ್ಕೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಅಬ್ಬಾ ಹಳೆ ಕಾಗದ, ಕಬ್ಬಿಣ ಎಲ್ಲವನ್ನೂ ಗುಜರಿಯವರಿಗೆ ಕೊಡಲು ಒಂದು ಚೀಲಕ್ಕೆ ತುಂಬಿದ್ದರು. ಅದರಲ್ಲಿ ಎಣ್ಣೆ ಹತ್ತಿದ ಒಂದು ಉದ್ದನೆಯ ನೋಟ್‌ಬುಕ್ ನನ್ನ ಕಣ್ಣಿಗೆ ಬಿತ್ತು. ಅದು ನನ್ನ ದಾದಾ ಅವರದ್ದು. ಅವರು ನಮ್ಮ ಊರಿನ ಬಿ.ಎಂ. ರಸ್ತೆಯ ಬದಿಯಲ್ಲಿ ಬಹಳ ವರ್ಷ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ನೋಟ್‌ಬುಕ್ ಪೂರ್ತಿ ಉರ್ದುವಿನಲ್ಲಿತ್ತು. ಪ್ಲಗ್‌ನ ಅಂತರ ಎಷ್ಟಿರಬೇಕು, ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು, ಯಾವ ಶಬ್ದ ಬಂದರೆ ಯಾವ ಭಾಗ ಸವೆದಿದೆ, ಹೀಗೆ ಪುಟದ ಮೇಲೆ ಪುಟ. ಹೆಚ್ಚಿನ ಪುಟಗಳ ಮೇಲೆ ಒಂದೇ ಗಾಡಿಯ ಹೆಸರು: ಯೆಜ್ಡಿ.

ಅದೇ ವಾರ ಅರ್ಥಶಾಸ್ತ್ರದ ತರಗತಿಯಲ್ಲಿ 'ಉತ್ಪಾದನೆ ಮತ್ತು ವೆಚ್ಚಗಳು' ಪಾಠ ಮುಗಿದಿತ್ತು. ನಮ್ಮ ಸುತ್ತಮುತ್ತಲಿನ ಒಂದು ಉದ್ಯಮಕ್ಕೆ ಈ ಪಾಠವನ್ನು ಹೊಂದಿಸಿ ಬರೆಯಿರಿ ಎಂದು ಸರ್ ಹೇಳಿದ್ದರು. ಎಲ್ಲರೂ ಗೊಂಬೆ, ರೇಷ್ಮೆ ಆರಿಸಿಕೊಂಡರು. ನಾನು ವಾಹನ ಆರಿಸಿಕೊಂಡೆ. ನಮ್ಮ ಮನೆಮಾತು ಉರ್ದು. ನನ್ನ ಕನ್ನಡದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿರಿ.

ಅಮೆರಿಕದ ಊರುಗಳು ಮತ್ತು ಅವುಗಳ ಪುಸ್ತಕಗಳು

ವಿಷಯ ಹೇಳಿದಾಗ ಸರ್ ತಮ್ಮ ಮೊಬೈಲಿನಲ್ಲಿ ಒಂದು ದೊಡ್ಡ ಪುಸ್ತಕದ ಕೆಲವು ಪುಟ ತೋರಿಸಿದರು. ಬೆವರ್ಲಿ ರೇ ಕೈಮ್ಸ್ ಮತ್ತು ಹೆನ್ರಿ ಆಸ್ಟಿನ್ ಕ್ಲಾರ್ಕ್ ಅವರ 'ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ಅಮೆರಿಕನ್ ಕಾರ್ಸ್'. 1942ರವರೆಗೆ ಅಮೆರಿಕದಲ್ಲಿ ತಯಾರಾದ ಕಾರುಗಳ ಹೆಸರು ಅದರಲ್ಲಿ ಸಾವಿರಾರು ಇವೆ. ನಮಗೆ ಗೊತ್ತಿರುವುದು ಫೋರ್ಡ್, ಷೆವರ್ಲೆ ಮಾತ್ರ. ಉಳಿದವು ಎಲ್ಲಿ ಹೋದವು ಎಂಬುದೇ ನನ್ನ ಮೊದಲ ಪ್ರಶ್ನೆಯಾಯಿತು.

ಮೊದಲಿಗೆ ಅಮೆರಿಕದಲ್ಲಿ ಕಾರು ಎಂದರೆ ಡೆಟ್ರಾಯಿಟ್ ಒಂದೇ ಆಗಿರಲಿಲ್ಲ. ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಸ್ಟುಡಿಬೇಕರ್ ಸಹೋದರರು 1852ರಲ್ಲಿ ಕಮ್ಮಾರ ಶಾಲೆ ತೆರೆದು ಕುದುರೆ ಗಾಡಿ ಮಾಡಲು ಆರಂಭಿಸಿದರು. ಮುಂದೆ ಅದೇ ಸಂಸ್ಥೆ ಕಾರು ತಯಾರಿಸಿತು. ಅದೇ ರಾಜ್ಯದ ಆಬರ್ನ್ ಎಂಬ ಸಣ್ಣ ಊರಿನಲ್ಲಿ ಆಬರ್ನ್ ಕಾರು, ಇಂಡಿಯಾನಾಪೊಲಿಸ್‌ನಲ್ಲಿ ಡ್ಯೂಸೆನ್‌ಬರ್ಗ್, ಸ್ಟಟ್ಜ್, ಮಾರ್ಮನ್ ಕಾರುಗಳು ತಯಾರಾಗುತ್ತಿದ್ದವು.

ಇವು ಮುಚ್ಚಲು ಕಾರಣ ಕೆಲಸ ಬರದವರು ಮಾಡಿದರು ಎಂದಲ್ಲ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ತಂದಾಗ ಅದರ ಬೆಲೆ ಸುಮಾರು 850 ಡಾಲರ್. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಕೆಲಸಗಾರ ನಿಂತಲ್ಲೇ ನಿಂತು, ಕಾರು ಅವನ ಮುಂದೆ ಬರುವಂತಾಯಿತು. 1920ರ ದಶಕದ ನಡುವೆ ಅದೇ ಮಾದರಿಯ ಬೆಲೆ 300 ಡಾಲರಿಗಿಂತ ಕೆಳಗೆ ಇಳಿಯಿತು. ಸಣ್ಣ ಊರುಗಳ ಕಾರ್ಖಾನೆಗಳು ಈ ಬೆಲೆಗೆ ಮಾರಲು ಆಗಲಿಲ್ಲ. 1930ರ ದಶಕದ ಆರ್ಥಿಕ ಕುಸಿತ ಉಳಿದವನ್ನೂ ಮುಗಿಸಿತು. ಸ್ಟುಡಿಬೇಕರ್ ಮಾತ್ರ ಸೌತ್ ಬೆಂಡ್‌ನಲ್ಲಿ 1963ರವರೆಗೆ ಬಾಳಿತು.

ಆದರೆ ಕಾರ್ಖಾನೆ ಮುಚ್ಚಿದರೂ ಆ ಊರುಗಳು ಅದನ್ನು ಮರೆಯಲಿಲ್ಲ. ಆಬರ್ನ್ ಕಂಪನಿಯ ಹಳೆಯ ಕಚೇರಿ ಕಟ್ಟಡದಲ್ಲೇ 1974ರಲ್ಲಿ ವಸ್ತು ಸಂಗ್ರಹಾಲಯ ತೆರೆದರು. ಸೌತ್ ಬೆಂಡ್‌ನಲ್ಲಿಯೂ ಒಂದು ಸಂಗ್ರಹಾಲಯವಿದೆ. ಒಂದೊಂದು ಕಂಪನಿಯ ಬಗ್ಗೆಯೂ ಪುಸ್ತಕಗಳಿವೆ. ಹಾಗಾದರೆ ನಮ್ಮ ರಾಜ್ಯದ ಕಥೆ ಏನು?

ಬಾರದೆ ಹೋದ ಕಾರ್ಖಾನೆ

ನಮ್ಮ ಕಥೆ ಶುರುವಾಗುವುದು ಸರ್ ಎಂ. ವಿಶ್ವೇಶ್ವರಯ್ಯನವರಿಂದ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರನ್ನು ನಾವು ಕನ್ನಂಬಾಡಿ ಕಟ್ಟೆಗೆ, ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ನೆನೆಯುತ್ತೇವೆ. ಆದರೆ ಅವರು ಕಾರಿನ ಕಾರ್ಖಾನೆಗೂ ಓಡಾಡಿದ್ದರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ನಿಂತರು. ಮೊದಲು ಮುಂಬೈಯಲ್ಲಿ, ಆಮೇಲೆ ಮೈಸೂರು ಸಂಸ್ಥಾನದಲ್ಲಿ ಪ್ರಯತ್ನ ನಡೆಯಿತು. ಬ್ರಿಟಿಷರ ಭಾರತ ಸರಕಾರ ಬೆಂಬಲ ಕೊಡಲಿಲ್ಲ. 1951ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ವಿಶ್ವೇಶ್ವರಯ್ಯನವರು ಈ ಪ್ರಯತ್ನವನ್ನು ದಾಖಲಿಸಿದ್ದಾರೆ.

ಕಾರು ಬರಬೇಕಾಗಿದ್ದ ಕಡೆ ವಿಮಾನ ಬಂತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದರು ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅದೇ ಇಂದಿನ ಎಚ್‌.ಎ.ಎಲ್. ಕಾರಿಗಾಗಿ ಅವರು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿ, ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು.

ಇದರಿಂದ ನಾನು ಕಲಿತ ಮೊದಲ ಪಾಠ: ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಉತ್ಪಾದನಾಂಗಗಳು ಸಿಕ್ಕಿದರೂ ಸರಕಾರದ ನೀತಿ ಎದುರಾದರೆ ಉದ್ಯಮ ಏಳುವುದಿಲ್ಲ.

ಮೈಸೂರಿನ ಮೋಟಾರ್ ಸೈಕಲ್

ಸ್ವಾತಂತ್ರ್ಯದ ನಂತರ ಸರಕಾರದ ನೀತಿ ಇನ್ನೊಂದು ರೀತಿಯಲ್ಲಿ ಕೆಲಸ ಮಾಡಿತು. ವಿದೇಶಿ ವಾಹನಗಳ ಆಮದಿಗೆ ಬಿಗಿ ನಿರ್ಬಂಧ ಬಂತು. ಹೊರಗಿನಿಂದ ತರಿಸಲಾಗದಿದ್ದರೆ ಇಲ್ಲೇ ಮಾಡಬೇಕು. ಹಾಗೆ ಇರಾನಿ ಕುಟುಂಬದವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಕಂಪನಿ ಹುಟ್ಟಿದ್ದು 1960ರಲ್ಲಿ, ಉತ್ಪಾದನೆ ಶುರುವಾದದ್ದು 1961ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವೂ ಇತ್ತು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರದು.

ದಾದಾ ಈ ಗಾಡಿಯ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಇದರಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಮೇಲೆತ್ತಿ ಒದ್ದರೆ ಗಾಡಿ ಶುರು, ಕೆಳಕ್ಕೆ ತಿರುಗಿಸಿದರೆ ಅದೇ ಗೇರ್. ಎರಡು ಸೈಲೆನ್ಸರ್. "ಬೇಟಿ, ಈ ಗಾಡಿ ಬೀದಿಯ ತಿರುವಿನಲ್ಲಿ ಇರುವಾಗಲೇ ಯಾರ ಮನೆಯದು ಅಂತ ನಾನು ಹೇಳುತ್ತಿದ್ದೆ" ಎನ್ನುತ್ತಾರೆ. ಬಿಡಿಭಾಗ ತರಲು ಮೈಸೂರಿಗೆ ರೈಲಿನಲ್ಲಿ ಹೋಗುತ್ತಿದ್ದರಂತೆ. ಒಮ್ಮೆ ಯಾದವಗಿರಿಗೆ ಹೋಗಿ, ಗೇಟಿನ ಹೊರಗೆ ನಿಂತು, ಕೆಲಸ ಮುಗಿಸಿ ಬರುವವರನ್ನು ನೋಡಿಕೊಂಡು ವಾಪಸ್ ಬಂದರಂತೆ. ಒಳಗೆ ಹೋಗಲು ಕೇಳಲಿಲ್ಲವೇ ಎಂದೆ. "ಗ್ರೀಸ್ ಹತ್ತಿದ ಅಂಗಿಯಲ್ಲಿ ಹೇಗೆ ಕೇಳಲಿ?" ಎಂದರು.

1985ರ ಸುಮಾರಿಗೆ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಿಸಿದ 100 ಸಿ.ಸಿ. ಗಾಡಿಗಳು ಬಂದವು. ಹೀರೊ ಹೋಂಡಾ ಸಿ.ಡಿ. 100 ಅವುಗಳಲ್ಲಿ ಒಂದು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಹೋಗುವ ನಾಲ್ಕು ಸ್ಟ್ರೋಕ್ ಎಂಜಿನ್ ಅದಕ್ಕಿತ್ತು. ಯೆಜ್ಡಿ ಎರಡು ಸ್ಟ್ರೋಕಿನದು, ಭಾರದ ಗಾಡಿ, ಹೆಚ್ಚು ಕುಡಿಯುತ್ತಿತ್ತು. ಹೊಗೆಯ ನಿಯಮಗಳೂ 1990ರ ದಶಕದಲ್ಲಿ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು.

ಇಲ್ಲಿ ಲೆಕ್ಕಶಾಸ್ತ್ರದ ಒಂದು ವಿಷಯವೂ ಇದೆ. ಪಾಲುದಾರನ ಸೇರ್ಪಡೆಯ ಪಾಠದಲ್ಲಿ ನಾವು ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯದ ಲೆಕ್ಕ ಮಾಡುತ್ತೇವೆ. ಕಣ್ಣಿಗೆ ಕಾಣದ ಆಸ್ತಿ ಎಂದು ಬಾಯಿಪಾಠ ಮಾಡುತ್ತೇವೆ. ಮೈಸೂರಿನಲ್ಲಿ ಯಂತ್ರ ನಿಂತು ಎರಡು ದಶಕ ದಾಟಿದ ಮೇಲೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬೇರೊಂದು ಕಂಪನಿ ಹೊಸ ಗಾಡಿ ಬಿಟ್ಟಿತು. ಯೆಜ್ಡಿ ಹೆಸರು ಯಾರದ್ದು ಎಂದು ಹೈಕೋರ್ಟಿನಲ್ಲಿ ವ್ಯಾಜ್ಯವೇ ನಡೆಯಿತು. ಕಾರ್ಖಾನೆ ಇಲ್ಲ, ಕೆಲಸಗಾರರಿಲ್ಲ, ಆದರೂ ಹೆಸರಿಗೆ ಬೆಲೆ ಇದೆ. ಆ ಬೆಲೆ ಉಳಿದದ್ದು ಗಾಡಿಯನ್ನು ಓಡಿಸಿಕೊಂಡು ಬಂದವರಿಂದ ಮತ್ತು ರಿಪೇರಿ ಮಾಡಿಕೊಂಡು ಬಂದವರಿಂದ. ಬ್ಯಾಲೆನ್ಸ್ ಶೀಟಿನಲ್ಲಿ ಅವರ ಹೆಸರು ಬರುವುದಿಲ್ಲ.

ಬೆಂಗಳೂರಿನ ಸಿಪಾನಿ ಮತ್ತು ಒಂದು ಲೆಕ್ಕ

ಬೆಂಗಳೂರಿನಲ್ಲಿ ಕಾರು ಕಂಪನಿ ಇತ್ತು ಎಂದರೆ ನನ್ನ ಗೆಳತಿಯರು ನಂಬಲಿಲ್ಲ. 1970ರ ದಶಕದಲ್ಲಿ ಸನ್‌ರೈಸ್ ಆಟೊಮೋಟಿವ್ ಎಂಬ ಸಂಸ್ಥೆ 'ಬಾದಲ್' ಎಂಬ ಮೂರು ಚಕ್ರದ ಪುಟ್ಟ ಕಾರು ಮಾಡಿತು. ಮುಂದೆ ಸಂಸ್ಥೆಯ ಹೆಸರು ಸಿಪಾನಿ ಆಟೊಮೊಬೈಲ್ಸ್ ಎಂದಾಯಿತು. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ 'ಡಾಲ್ಫಿನ್' ಬಂತು. ಎರಡೇ ಬಾಗಿಲು, 848 ಸಿ.ಸಿ. ಎಂಜಿನ್. ಆಮೇಲೆ ನಾಲ್ಕು ಬಾಗಿಲಿನ 'ಮೊಂಟಾನಾ'. ಇವುಗಳ ಮೈ ಕಬ್ಬಿಣದ ತಗಡಿನದಲ್ಲ, ಫೈಬರ್ ಗ್ಲಾಸಿನದು.

ಯಾಕೆ ಫೈಬರ್ ಗ್ಲಾಸ್? ಇದಕ್ಕೆ ನಮ್ಮ ವೆಚ್ಚದ ಪಾಠವೇ ಉತ್ತರ. ಕೆಳಗಿನ ಅಂಕಿಗಳು ನಾನೇ ಊಹಿಸಿಕೊಂಡ ಉದಾಹರಣೆ, ಯಾವ ಕಂಪನಿಯದ್ದೂ ಅಲ್ಲ.

ತಗಡಿನ ಮೈ ಒತ್ತಲು ದೊಡ್ಡ ಯಂತ್ರ ಮತ್ತು ಉಕ್ಕಿನ ಅಚ್ಚುಗಳು ಬೇಕು. ಅದರ ಸ್ಥಿರ ವೆಚ್ಚ 20 ಕೋಟಿ ರೂ. ಎಂದುಕೊಳ್ಳಿ. ಪ್ರತಿ ಕಾರಿನ ಬದಲಾಗುವ ವೆಚ್ಚ 40,000 ರೂ. ಫೈಬರ್ ಗ್ಲಾಸಿಗೆ ಸರಳ ಅಚ್ಚು ಸಾಕು, ಸ್ಥಿರ ವೆಚ್ಚ 50 ಲಕ್ಷ ರೂ. ಆದರೆ ಕೈಕೆಲಸ ಹೆಚ್ಚು, ಹಾಗಾಗಿ ಪ್ರತಿ ಕಾರಿನ ಬದಲಾಗುವ ವೆಚ್ಚ 50,000 ರೂ.

1,000 ಕಾರು ಮಾಡಿದರೆ:
ತಗಡಿನ ಕಾರು: 2,00,000 + 40,000 = 2,40,000 ರೂ.
ಫೈಬರ್ ಕಾರು: 5,000 + 50,000 = 55,000 ರೂ.

1,00,000 ಕಾರು ಮಾಡಿದರೆ:
ತಗಡಿನ ಕಾರು: 2,000 + 40,000 = 42,000 ರೂ.
ಫೈಬರ್ ಕಾರು: 50 + 50,000 = 50,050 ರೂ.

ಎರಡೂ ಸಮವಾಗುವುದು 19,500 ಕಾರುಗಳಲ್ಲಿ. ಅದಕ್ಕಿಂತ ಕಡಿಮೆ ಮಾರುವವರಿಗೆ ಫೈಬರ್ ಲಾಭ, ಹೆಚ್ಚು ಮಾರುವವರಿಗೆ ತಗಡು ಲಾಭ. ಸಣ್ಣ ಕಂಪನಿ ತನ್ನ ಅಳತೆಗೆ ಸರಿಯಾದ ದಾರಿಯನ್ನೇ ಹಿಡಿದಿತ್ತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಬಂತು. ಅದರ ಹಿಂದೆ ಕೇಂದ್ರ ಸರಕಾರದ ಬಂಡವಾಳ ಮತ್ತು ಜಪಾನಿನ ಸುಜುಕಿಯ ತಂತ್ರಜ್ಞಾನ ಇತ್ತು. ತಗಡಿನ ಮೈ, ನಾಲ್ಕು ಬಾಗಿಲು, ದೊಡ್ಡ ಪ್ರಮಾಣ. ಇಂಡಿಯಾನಾದ ಊರುಗಳಿಗೆ ಫೋರ್ಡ್ ಏನು ಮಾಡಿತೋ ಸಿಪಾನಿಗೆ ಮಾರುತಿ ಅದನ್ನೇ ಮಾಡಿತು. ಇದನ್ನೇ ಪಾಠದಲ್ಲಿ ಪ್ರಮಾಣದ ಮಿತವ್ಯಯ ಎನ್ನುತ್ತಾರೆ.

ಬೆಂಗಳೂರಿನ ಇನ್ನೊಂದು ಕಾರು ರೇವಾ. ಚೇತನ್ ಮೈನಿ ಅವರ ಈ ವಿದ್ಯುತ್ ಕಾರು ಕಂಪನಿ 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಜೊತೆಗಿನ ಜಂಟಿ ಉದ್ಯಮವಾಗಿ ಹುಟ್ಟಿತು. 2001ರಲ್ಲಿ ಕಾರು ಮಾರಾಟಕ್ಕೆ ಬಂತು. ಲಂಡನ್ನಿನಲ್ಲಿ 'ಜಿ-ವಿಜ್' ಹೆಸರಿನಲ್ಲಿ ಓಡಿತು. ಇದರ ಮೈಯೂ ತಗಡಲ್ಲ, ಪ್ಲಾಸ್ಟಿಕ್. ಕಾರಣ ಗೊತ್ತಾಯಿತಲ್ಲ? 2010ರಲ್ಲಿ ಮಹೀಂದ್ರ ಕಂಪನಿ ಅದರ ಹೆಚ್ಚಿನ ಷೇರು ಕೊಂಡಿತು. ಇಂದು ವಿದ್ಯುತ್ ಕಾರು ಎಲ್ಲರ ಬಾಯಲ್ಲಿದೆ. ಆದರೆ ಮೊದಲು ಬಂದವರು ಕೊನೆಯವರೆಗೆ ನಿಲ್ಲಲು ಬಂಡವಾಳ ಬೇಕು.

ನಮ್ಮ ಬಿಡದಿ

ರಾಮನಗರ ದಾಟಿದರೆ ಬಿಡದಿ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ, 1999ರ ಡಿಸೆಂಬರಿನಲ್ಲಿ ಇಲ್ಲಿ ಉತ್ಪಾದನೆ ಶುರುವಾಯಿತು. ಮೊದಲ ಗಾಡಿ ಕ್ವಾಲಿಸ್. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. 2010ರಲ್ಲಿ ಎಟಿಯೋಸ್‌ಗಾಗಿ ಎರಡನೇ ಘಟಕ ಆರಂಭವಾಯಿತು. 2007ರಲ್ಲಿ ಹಳ್ಳಿಯ ಬಡ ಹುಡುಗರಿಗೆ ತರಬೇತಿ ಕೊಡುವ ಸಂಸ್ಥೆಯನ್ನೂ ತೆರೆದರು.

ಬಿಡದಿಯೇ ಯಾಕೆ? 1991ರ ಹೊಸ ಆರ್ಥಿಕ ನೀತಿಯ ನಂತರ, 1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲವಾಯಿತು. ಬೆಂಗಳೂರು ಹತ್ತಿರ, ಆದರೆ ನಗರದ ಒಳಗಿನ ಜಮೀನಿನ ಬೆಲೆ ಇಲ್ಲ. ಮೈಸೂರು ಹೆದ್ದಾರಿ ಮತ್ತು ರೈಲು ಎರಡೂ ಇವೆ. ಎಚ್‌.ಎ.ಎಲ್., ಎಚ್‌.ಎಂ.ಟಿ.ಯಂಥ ಕಾರ್ಖಾನೆಗಳಿಂದ ಬೆಂಗಳೂರಿನ ಸುತ್ತ ಯಂತ್ರದ ಕೆಲಸ ಬಲ್ಲವರು ತಯಾರಾಗಿದ್ದರು. ಅಂದರೆ 1940ರಲ್ಲಿ ಕಾರಿನ ಬದಲು ಬಂದ ವಿಮಾನ ಕಾರ್ಖಾನೆ, ಅರವತ್ತು ವರ್ಷದ ನಂತರ ಬಂದ ಕಾರಿಗೆ ದಾರಿ ಮಾಡಿತ್ತು ಎನ್ನಬಹುದು.

ನಮ್ಮ ಊರಿನವರಿಗೆ ಇನ್ನೊಂದು ವಿಷಯ ಇಷ್ಟವಾಗಬಹುದು. ಟೊಯೋಟಾ ಹುಟ್ಟಿದ್ದು ಮಗ್ಗದಿಂದ. ಸಕಿಚಿ ಟೊಯೋಡಾ ಸ್ವಯಂಚಾಲಿತ ಮಗ್ಗ ತಯಾರಿಸುವ ಕಂಪನಿಯನ್ನು 1926ರಲ್ಲಿ ಕಟ್ಟಿದರು. ಆ ಮಗ್ಗದಲ್ಲಿ ನೂಲು ತುಂಡಾದರೆ ಯಂತ್ರ ತಾನೇ ನಿಲ್ಲುತ್ತಿತ್ತು. ಅದೇ ಕಂಪನಿಯೊಳಗೆ ಶುರುವಾದ ಮೋಟಾರು ವಿಭಾಗ 1937ರಲ್ಲಿ ಬೇರೆ ಕಂಪನಿಯಾಯಿತು. ರೇಷ್ಮೆ ರೀಲಿಂಗ್, ಟ್ವಿಸ್ಟಿಂಗ್ ನೋಡಿ ಬೆಳೆದ ನಮಗೆ ನೂಲು ತುಂಡಾದರೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಡಿಭಾಗಗಳನ್ನು ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವುದು ಟೊಯೋಟಾದ ಪದ್ಧತಿ. ದಾಸ್ತಾನಿನಲ್ಲಿ ಹಣ ಸಿಕ್ಕಿಕೊಳ್ಳುವುದಿಲ್ಲ. ಹಾಗಾಗಿ ಬಿಡಿಭಾಗದ ಘಟಕಗಳು ಹತ್ತಿರದಲ್ಲೇ ಇರಬೇಕು. ನನ್ನ ಅಣ್ಣ ಐ.ಟಿ.ಐ. ಮುಗಿಸಿ ಆ ಕಡೆಯ ಒಂದು ಸಣ್ಣ ಘಟಕದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಬೆಳಗ್ಗೆ ಫಜ್ರ್ ನಮಾಜ್ ಮುಗಿಸಿ ಹೊರಟರೆ ಬರುವುದು ಕತ್ತಲಾದ ಮೇಲೆ. ದಿನವಿಡೀ ಒಂದೇ ಭಾಗಕ್ಕೆ ತೂತು ಕೊರೆಯುತ್ತಾನೆ. ಆ ಭಾಗ ಗಾಡಿಯಲ್ಲಿ ಎಲ್ಲಿ ಕೂರುತ್ತದೆ ಎಂದು ದಾದಾ ಒಮ್ಮೆ ಕೇಳಿದರು. ಅಣ್ಣನಿಗೆ ಗೊತ್ತಿರಲಿಲ್ಲ. ಆ ರಾತ್ರಿ ಅವನು ಊಟಕ್ಕೆ ಕುಳಿತಾಗ ಮಾತಾಡಲಿಲ್ಲ. ದಾದಾಗೆ ಇಡೀ ಗಾಡಿ ಗೊತ್ತಿತ್ತು, ಆದರೆ ತಿಂಗಳ ಸಂಬಳ, ಪಿ.ಎಫ್. ಎರಡೂ ಇರಲಿಲ್ಲ. ಅಣ್ಣನಿಗೆ ಸಂಬಳ ಇದೆ. ಶ್ರಮ ವಿಭಜನೆಯ ಲಾಭ, ನಷ್ಟ ಎರಡನ್ನೂ ನಾನು ಒಂದೇ ದಸ್ತರ್‌ಖಾನಿನ ಮೇಲೆ ನೋಡಿದೆ.

ನಾವು ನೆನಪಿಡಬೇಕಾದದ್ದು

1. ವಾಹನ ಕಾರ್ಖಾನೆ ಉಳಿಯಲು ಕೌಶಲ ಒಂದೇ ಸಾಲದು. ಮಾರುಕಟ್ಟೆಯ ಗಾತ್ರ, ಬಂಡವಾಳ ಮತ್ತು ಸರಕಾರದ ನೀತಿ ಮೂರೂ ಸೇರಬೇಕು.

2. ಸಣ್ಣ ತಯಾರಕರು ಸ್ಥಿರ ವೆಚ್ಚ ಕಡಿಮೆ ಇರುವ ದಾರಿ ಹಿಡಿಯುತ್ತಾರೆ. ದೊಡ್ಡವರು ಬಂದಾಗ ಬೆಲೆಯಲ್ಲಿ ಸೋಲುತ್ತಾರೆ. ನಮ್ಮ ಗೊಂಬೆಗೂ ಇದೇ ಲೆಕ್ಕ. ಹಾಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವ ಕಾರಿಗೆ ಕೈಕೆಲಸ ಹೆಚ್ಚು. ಅಚ್ಚಿನಲ್ಲಿ ಸುರಿಯುವ ಪ್ಲಾಸ್ಟಿಕ್ ಕಾರಿಗೆ ಅಚ್ಚಿನ ಖರ್ಚು ಒಮ್ಮೆ ಮಾತ್ರ. ಬೆಲೆಯಲ್ಲಿ ನಾವು ಗೆಲ್ಲುವುದಿಲ್ಲ. ಚನ್ನಪಟ್ಟಣ ಎಂಬ ಹೆಸರಿಗೆ ಇರುವ ಜಿ.ಐ. ಗುರುತು ಮತ್ತು ಗುಣಮಟ್ಟದಿಂದ ಮಾತ್ರ ಉಳಿಯಬಹುದು.

3. ಒಂದು ಕಾರ್ಖಾನೆ ಮುಚ್ಚಿದರೂ ಅಲ್ಲಿ ಕಲಿತ ಕೆಲಸ ಬೇರೆ ಕಡೆ ಹೋಗುತ್ತದೆ. ಆದರೆ ಯಾರಾದರೂ ಬರೆದಿಟ್ಟರೆ ಮಾತ್ರ ಅದು ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ.

ಈ ಮೂರನೆಯ ಮಾತಿಗಾಗಿಯೇ ನಾನು ಈ ಲೇಖನ ಬರೆದೆ. ಈಗ ಪ್ರತಿ ಭಾನುವಾರ ಅಸರ್ ನಮಾಜ್ ಆದ ಮೇಲೆ ದಾದಾ ಪಕ್ಕ ಕುಳಿತು ಆ ನೋಟ್‌ಬುಕ್ಕನ್ನು ಗಟ್ಟಿಯಾಗಿ ಓದುತ್ತೇನೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ನನಗೆ ಉರ್ದು ಓದಲು ಬರುತ್ತದೆ, ಆದರೆ ಗಾಡಿಯ ಭಾಗಗಳು ಗೊತ್ತಿಲ್ಲ. ಇಬ್ಬರೂ ಸೇರಿದರೆ ಒಂದು ಪುಟ ಮುಗಿಯುತ್ತದೆ. ಅದನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇದುವರೆಗೆ 31 ಪುಟ ಆಗಿದೆ.

ಹದಿನೇಳನೆಯ ಪುಟದಲ್ಲಿ ಒಂದು ಚಿತ್ರವಿದೆ. ಪೆನ್ಸಿಲಿನಲ್ಲಿ ಬರೆದ ಎರಡು ವೃತ್ತ, ನಡುವೆ ಒಂದು ಬಾಣ, ಪಕ್ಕದಲ್ಲಿ "ಮೊದಲು ಇದನ್ನು ನೋಡು" ಎಂದು ಉರ್ದುವಿನಲ್ಲಿ ಇದೆ. ಚಿತ್ರದ ಮೇಲೆ ಅವರ ಬೆರಳು ಹಿಡಿದು ಓಡಿಸಿದೆ. ಬಹಳ ಹೊತ್ತು ಯೋಚಿಸಿದರು. "ಏನೋ ಇತ್ತು ಬೇಟಿ, ಈಗ ನೆನಪಿಲ್ಲ" ಎಂದರು. ಆ ಪುಟವನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋದೆವು.

ನಿಮ್ಮ ಮನೆಯಲ್ಲಿಯೂ ಸ್ಪನ್ ಸಿಲ್ಕ್ ಗಿರಣಿಯಲ್ಲಿ, ಗೊಂಬೆ ಲೇತಿನಲ್ಲಿ, ಗ್ಯಾರೇಜಿನಲ್ಲಿ ಕೆಲಸ ಮಾಡಿದ ಹಿರಿಯರು ಇರಬಹುದು. ಯಾವ ಯಂತ್ರ, ಯಾವ ವರ್ಷ, ದಿನಗೂಲಿ ಎಷ್ಟು, ಯಾರಿಂದ ಕಲಿತಿರಿ ಎಂಬ ನಾಲ್ಕು ಪ್ರಶ್ನೆ ಕೇಳಿ ಎರಡು ಪುಟ ಬರೆದು ತನ್ನಿ. ಉರ್ದುವಿನಲ್ಲಿದ್ದರೂ ಪರವಾಗಿಲ್ಲ, ಕನ್ನಡಕ್ಕೆ ತರಲು ನಾನು ಸಹಾಯ ಮಾಡುತ್ತೇನೆ. ಯೆಜ್ಡಿ ಬಲ್ಲ ಮೆಕ್ಯಾನಿಕ್ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹದಿನೇಳನೆಯ ಪುಟ ತೋರಿಸಬೇಕಾಗಿದೆ.